ಮೊದಲು ನಮ್ಮ ರಕ್ತ

ನಾದಿನಿ ಎಂದರೆ ಹೀಗಿರಬೇಕು ಎಂದು ಲೋಕ ಒಂದು ಅಳತೆ ಇಟ್ಟುಕೊಂಡಿದೆ. ಬಾಯಿ ಜೋರು, ಮೂಗಿನ ತುದಿಯಲ್ಲಿ ಕೋಪ, ಅತ್ತಿಗೆ ಮಾಡಿದ್ದಕ್ಕೆಲ್ಲ ಒಂದೊಂದು ಕೊಂಕು. ಈ ಮನೆಯ ನಾದಿನಿ ಆ ಅಳತೆಗೆ ಚೆನ್ನಾಗಿಯೇ ಒಪ್ಪುತ್ತಿದ್ದಳು. ಆದರೂ ಅತ್ತಿಗೆಗೆ ಅವಳೆಂದರೆ ಪ್ರಾಣ. ಅವಳಿಗೂ ಅತ್ತಿಗೆಯೆಂದರೆ ಅಷ್ಟೇ. ಇದನ್ನು ಇಬ್ಬರೂ ಎಂದೂ ಬಾಯಿಬಿಟ್ಟು ಹೇಳಿಕೊಂಡವರಲ್ಲ. ಹೇಳಿಕೊಂಡಿದ್ದರೆ ಇಬ್ಬರಿಗೂ ನಾಚಿಕೆಯಾಗಿ ಎರಡು ದಿನ ಮುಖ ತಪ್ಪಿಸಿಕೊಂಡು ಓಡಾಡುತ್ತಿದ್ದರು.

ನಾದಿನಿ ಈಜು ಕಲಿಸುವ ಟೀಚರ್. ಕೊಳದ ಮಕ್ಕಳ ಬಾಯಲ್ಲಿ ಅವಳು ಕಪ್ಪೆ ಟೀಚರ್. "ಕಪ್ಪೆ ಥರ ಒದೀರೋ, ಕಪ್ಪೆ ಥರ!" ಎಂದು ಗಂಟಲು ಹರಿದುಕೊಂಡು ಸಂಪಾದಿಸಿದ ಬಿರುದು ಅದು. ಯಾವುದಾದರೂ ಮಗು ಕಾಲು ನೋವು, ತೋಳು ನೋವು ಎಂದು ರಾಗ ತೆಗೆದರೆ ಅವಳ ಉತ್ತರ ಸಿದ್ಧವಿರುತ್ತಿತ್ತು: "ನೋವನ್ನೆಲ್ಲಾ ಚಪ್ಪಲಿ ಜೊತೆ ಆಚೆ ಬಿಟ್ಟು ಬರ್ಬೇಕು. ನೀರಿಗೆ ತರಬಾರ್ದು." ಮಕ್ಕಳು ನಂಬುತ್ತಿದ್ದವು. ಅವಳೂ ಅದನ್ನೇ ನಂಬಿದ್ದಳು. ಆ ಕೊಳದಲ್ಲಿ ಎಲ್ಲರಿಗಿಂತ ಹೆಚ್ಚು ನೋವು ತಿಂದವಳು ಅವಳೇ ಎಂಬುದು ಮಕ್ಕಳಿಗೆ ಬಹಳ ದಿನ ಗೊತ್ತಿರಲಿಲ್ಲ.

ಅವಳ ರಕ್ತದಲ್ಲೇ ತಕರಾರಿತ್ತು, ಹುಟ್ಟಿನಿಂದ ಬಂದದ್ದು. ಎಲ್ಲರ ಕೆಂಪು ರಕ್ತಕಣ ದುಂಡಗೆ, ಮೆತ್ತಗೆ ಇರುತ್ತದೆ. ತನಗಿಂತ ಸಣ್ಣ ರಕ್ತನಾಳ ಎದುರಾದರೆ, ತುಂಬಿದ ಬಸ್ಸಿನಲ್ಲಿ ಹೊಟ್ಟೆ ಒಳಗೆಳೆದುಕೊಂಡು ಬಾಗಿಲ ಕಡೆ ನುಸುಳುವವರಂತೆ ಮೈ ಮಡಚಿ ದಾಟಿಬಿಡುತ್ತದೆ. ಇವಳ ಕಣಗಳು ಬಿರುಸು. ದಣಿವಾದರೆ, ಚಳಿ ಹತ್ತಿದರೆ ಕುಡುಗೋಲಿನಂತೆ ಸೊಟ್ಟಗಾಗಿ ಸಣ್ಣ ನಾಳಗಳ ಬಾಯಲ್ಲಿ ಅಡ್ಡ ನಿಲ್ಲುತ್ತಿದ್ದವು. ಆಮೇಲೆ ಮೂಳೆಯೊಳಗೆ ಶುರುವಾಗುವ ನೋವು ಶತ್ರುವಿಗೂ ಬೇಡ. ಕಳೆದ ಚಳಿಗಾಲ ಕೊಳದ ನಡುವೆಯೇ ಅದು ಬಂದು, ಶಿಷ್ಯರೇ ಅವಳನ್ನು ದಡಕ್ಕೆ ಎಳೆದು ತಂದಿದ್ದರು. ಅಂದಿನಿಂದ ರಕ್ತದ ಡಾಕ್ಟರಮ್ಮ ನೀರಿಗೆ ಇಳಿಯಕೂಡದೆಂದು ಕಟ್ಟಪ್ಪಣೆ ಮಾಡಿದ್ದರು. ನಾದಿನಿ ಈಗ ಕೊರಳಿಗೆ ಸೀಟಿ ಹಾಕಿಕೊಂಡು ದಡದ ಮೇಲೆ ಅತ್ತಿಂದಿತ್ತ ಓಡಾಡುತ್ತ ಪಾಠ ಹೇಳುತ್ತಿದ್ದಳು. ಬೂಟು ಹಾಕಿದ ಕಪ್ಪೆ ನಾನು ಎಂದು ತನ್ನನ್ನು ತಾನೇ ಹಾಸ್ಯ ಮಾಡಿಕೊಳ್ಳುತ್ತಿದ್ದಳು. ಮನೆಯಲ್ಲಿ ಯಾರೂ ಆ ಹಾಸ್ಯಕ್ಕೆ ನಗುತ್ತಿರಲಿಲ್ಲ.

ಡಾಕ್ಟರಮ್ಮ ಹೊಸದೊಂದು ಮಾತ್ರೆ ಶುರು ಮಾಡಿದ್ದರು. ಕಣಗಳನ್ನು ಮೆತ್ತಗಾಗಿಸುವ ಮಾತ್ರೆ. ಕೆಲವರಿಗೆ ಹಿಡಿಸುತ್ತದೆ, ಕೆಲವರಿಗೆ ಇಲ್ಲ. ಹಿಡಿಸಿದರೆ ಮುಂದುವರಿಸಿ, ನೀರಿನ ವಿಚಾರ ಆಮೇಲೆ ನೋಡೋಣ ಎಂದಿದ್ದರು. ಹಿಡಿಸದಿದ್ದರೆ ಮಾತ್ರೆ ನಿಲ್ಲಿಸಿ ತಿಂಗಳು ತಿಂಗಳು ಬೇರೆಯವರ ರಕ್ತ ಏರಿಸಿಕೊಳ್ಳುವ ದಾರಿ. ನಾದಿನಿಯ ಕಿವಿಗೆ ಬಿದ್ದದ್ದು ಒಂದೇ ಮಾತು: ನೀರಿನ ವಿಚಾರ.

ಅತ್ತಿಗೆಯ ಕೆಲಸವೂ ಇದೇ ರಕ್ತಕಣಗಳದ್ದು. ಆಕಸ್ಮಿಕವೇನಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಬೇರೆ ಎಲ್ಲೋ ಬಣ್ಣದ ಶಾಯಿ ಪರೀಕ್ಷಿಸುವ ಪುಟ್ಟ ಸಾಧನ ಮಾಡುತ್ತಿದ್ದಳು. ನಾದಿನಿ ಒಂದು ಮಧ್ಯಾಹ್ನ ದಿಂಬು ಕಚ್ಚಿಕೊಂಡು ಮುಖ ಗೋಡೆಗೆ ತಿರುಗಿಸಿ ಮಲಗಿದ್ದನ್ನು ನೋಡಿದ ಮೇಲೆ ಆ ಕೆಲಸ ಬಿಟ್ಟು ಈ ಪ್ರಯೋಗಾಲಯ ಸೇರಿದಳು. ಯಾಕೆ ಎಂದು ಗಂಡ ಕೇಳಿದ್ದಕ್ಕೆ, ಬಸ್ಸು ಬದಲಾಯಿಸುವ ತಾಪತ್ರಯವಿಲ್ಲ ಎಂದು ಹೇಳಿ ಬಾಯಿ ಮುಚ್ಚಿಸಿದ್ದಳು.

ಇಲ್ಲಿ ಅವಳು ಮಾಡುವುದು ಚಿಪ್‌ಗಳನ್ನು. ಗಾಜಿನ ಪಟ್ಟಿಯ ಮೇಲೆ ಅಂಟಿಸಿದ, ಹೆಬ್ಬೆರಳಿನಷ್ಟು ಅಗಲದ ತಿಳಿ ಸಿಲಿಕೋನ್ ರಬ್ಬರಿನ ತುಂಡು. ಅದರೊಳಗೆ ಬರಿಗಣ್ಣಿಗೆ ಕಾಣದ ಕಾಲುವೆಗಳು, ರಕ್ತಕಣಕ್ಕಿಂತಲೂ ಇಕ್ಕಟ್ಟಾದವು. ಒಂದು ಹನಿ ರಕ್ತವನ್ನು ಉಪ್ಪುನೀರಿನಲ್ಲಿ ತಿಳಿ ಮಾಡಿ, ಹದವಾಗಿ ಒತ್ತಿ ಆ ಕಾಲುವೆಗಳಿಗೆ ಬಿಟ್ಟರೆ ಕಣಗಳು ಒಂದರ ಹಿಂದೊಂದು ನುಸುಳುತ್ತವೆ. ಮೈಕ್ರೋಸ್ಕೋಪಿಗೆ ಕೂರಿಸಿದ ಕ್ಯಾಮೆರಾ ನೋಡುತ್ತಿರುತ್ತದೆ. ಬೇಗ ದಾಟಿದ ಕಣ ಮೆತ್ತನೆಯದು, ತಡವರಿಸಿದ್ದು ಬಿರುಸು. ಕೇಳುವುದಕ್ಕೆ ಮಕ್ಕಳಾಟ. ಮಾಡಲು ಕೂತರೆ ಒಂದು ಗುಳ್ಳೆ, ಒಂದು ಧೂಳಿನ ಎಳೆ ಸಾಕು, ಇಡೀ ದಿನ ಮಣ್ಣುಪಾಲು.

ಪ್ರಯೋಗಾಲಯದ ಹಿರಿಯರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಕೂದಲು ಕೆದರಿದ, ಪೆನ್ನು ಎಲ್ಲಿಟ್ಟೆನೆಂದು ಸದಾ ಹುಡುಕುವ, ಆದರೆ ಕೆಲಸದಲ್ಲಿ ಕೂದಲೆಳೆಯಷ್ಟೂ ಬಿಟ್ಟುಕೊಡದ ಮನುಷ್ಯ. ಅವರದೊಂದು ಕಟ್ಟಳೆಯಿತ್ತು: ಮೊದಲು ನಮ್ಮ ರಕ್ತ, ಆಮೇಲೆ ಅವರ ರಕ್ತ. ಅಂದರೆ, ಹೊಸದಾಗಿ ಒಂದು ಕಂತು ಚಿಪ್ ಮಾಡಿದಾಗ ರೋಗಿಯ ರಕ್ತ ಅದರೊಳಗೆ ಹೋಗುವ ಮೊದಲು ಪ್ರಯೋಗಾಲಯದವರೇ ಯಾರಾದರೂ ಬೆರಳು ಚುಚ್ಚಿಕೊಂಡು ತಮ್ಮ ಒಂದು ಹನಿ ಹಾಯಿಸಬೇಕು. ಆರೋಗ್ಯವಂತರ ಕಣ ಎಂದಿನಂತೆ ದಾಟಿದರೆ ಚಿಪ್ ಸರಿಯಿದೆ ಎಂದು ಅರ್ಥ. ಹೆಚ್ಚಾಗಿ ಬೆರಳು ಕೊಡುತ್ತಿದ್ದವಳು ಅತ್ತಿಗೆಯೇ. ಬೇರೆಯವರು ಸೂಜಿ ಕಂಡರೆ ಫೋನ್ ಬಂತೆಂದು ಎದ್ದು ಹೋಗುತ್ತಿದ್ದರು. ಹೀಗಾಗಿ ತನ್ನ ರಕ್ತ ಆ ಕಾಲುವೆಗಳಲ್ಲಿ ಯಾವ ನಡಿಗೆಯಲ್ಲಿ ಹೋಗುತ್ತದೆಂಬುದು ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು.

ನಾದಿನಿ ಮಾತ್ರೆ ಶುರು ಮಾಡುವ ಮೊದಲೊಮ್ಮೆ ರಕ್ತ ಕೊಟ್ಟಿದ್ದಳು. ಈಗ ಎರಡನೆಯ ಸಲ ಕೊಡುವ ದಿನ ಹತ್ತಿರ ಬಂದಿತ್ತು. ಅದಕ್ಕೆ ಸ್ವಲ್ಪ ಮೊದಲು ಅವಳೊಂದು ಬೆಳಗ್ಗೆ ಹೇಳದೆ ಕೇಳದೆ ಪ್ರಯೋಗಾಲಯಕ್ಕೆ ಬಂದು ನಿಂತಳು.

"ನನ್ನ ರಕ್ತ ಓಡಾಡೋ ಜಾಗ ಹೇಗಿದೆ ಅಂತ ನೋಡ್ಬಾರ್ದಾ?"

ಮೇಷ್ಟ್ರು ನಕ್ಕು, ಅವಳಿಗೊಂದು ಬಿಳಿ ಕೋಟು, ಕೈಗವಸು ಕೊಡಿಸಿದರು. ಅತ್ತಿಗೆ ಹೊಸ ಕಂತಿಗೆ ಸಿಲಿಕೋನ್ ಕಲಸುವುದರಲ್ಲಿದ್ದಳು. ಜೇನಿನಂತೆ ಮಂದವಾದ ಒಂದು ದ್ರವ, ಅದನ್ನು ಗಟ್ಟಿ ಮಾಡುವ ತೆಳ್ಳನೆಯ ಇನ್ನೊಂದು ದ್ರವ. ಎರಡನ್ನೂ ಲೋಟಕ್ಕೆ ಸುರಿದು ಕಡ್ಡಿಯಿಂದ ಚೆನ್ನಾಗಿ ಕಲಸಿ, ಅಚ್ಚಿನ ಮೇಲೆ ಹೊಯ್ದು ಓವನ್ನಿನಲ್ಲಿಟ್ಟರೆ ರಬ್ಬರಾಗುತ್ತದೆ.

"ಕೊಡಿ ಅತ್ತಿಗೆ, ನಾನು ಕಲಸ್ತೀನಿ."

"ಇದು ಹಿಟ್ಟಲ್ಲ."

"ಗೊತ್ತು. ಹಿಟ್ಟಾಗಿದ್ರೆ ನೀವು ಕಲಸಿದ್ದನ್ನ ಯಾರೂ ನಂಬ್ತಿರ್ಲಿಲ್ಲ."

ಅತ್ತಿಗೆ ಲೋಟ ಕೊಟ್ಟಳು. "ತಳ, ಅಂಚು ಎಲ್ಲಾ ಕೆರೆದು ಕಲಸ್ಬೇಕು. ಪೂರ್ತಿ ಬೆಳ್ಳಗೆ ನೊರೆ ಬರೋವರೆಗೂ. ಸಾಕು ಅನ್ನಿಸಿದ ಮೇಲೂ ಇನ್ನೊಂದಿಷ್ಟು."

"ಎಷ್ಟು ಉಪದೇಶ ಮಾಡ್ತೀರಿ! ನಾನು ಟೀಚರ್, ನೆನಪಿದೆ ತಾನೇ?"

ಅಷ್ಟರಲ್ಲಿ ಮೇಷ್ಟ್ರು ಪಕ್ಕದ ಕೋಣೆಯಿಂದ ಕರೆದರು. ಅವರ ಪೆನ್ನು ಸಿಕ್ಕಿತ್ತು, ಆದರೆ ಬರೆಯಬೇಕಾದ ವಿಷಯ ಮರೆತುಹೋಗಿತ್ತು. ಅತ್ತಿಗೆ ಹೋಗಿ ಅದನ್ನು ನೆನಪಿಸಿ ಬರುವಾಗ ಲೋಟ ಮೇಜಿನ ಮೇಲಿತ್ತು, ಮೇಲೆಲ್ಲ ಬೆಳ್ಳನೆಯ ನೊರೆ. ನಾದಿನಿ ಎರಡೂ ಕೈಗಳನ್ನು ಕೋಟಿನ ಜೇಬಿಗಿಳಿಸಿ ಕಿಟಕಿಯಾಚೆ ನೋಡುತ್ತಿದ್ದಳು.

"ಆಯ್ತಾ?"

"ಆಗದೆ? ನಿಮ್ಮ ಥರ ಮಧ್ಯಾಹ್ನದವರೆಗೂ ಎಳೆದಾಡ್ತೀನಾ?"

ಅತ್ತಿಗೆ ನೊರೆ ನೋಡಿದಳು, ನಾದಿನಿಯ ಮುಖ ನೋಡಲಿಲ್ಲ. ಗಾಳಿ ಎಳೆಯುವ ಭರಣಿಯಲ್ಲಿಟ್ಟು ಗುಳ್ಳೆ ತೆಗೆದು ಅಚ್ಚಿಗೆ ಹೊಯ್ದಳು. ಮಾರನೆಯ ದಿನ ಅಚ್ಚಿನಿಂದ ರಬ್ಬರು ಬಿಡಿಸುವಾಗ ಅಂಚಿನಲ್ಲೊಂದು ಕಡೆ ಹೆಬ್ಬೆರಳು ಚೂರು ಅಂಟಿತು. ಓವನ್ ಹಳೆಯದು, ಒಂದು ಮೂಲೆ ಸರಿಯಾಗಿ ಕಾಯುವುದಿಲ್ಲ ಎಂದು ಅವಳೇ ಸಮಾಧಾನ ಹೇಳಿಕೊಂಡಳು. ಬೇರೆ ಯಾರದಾದರೂ ಕಂತಾಗಿದ್ದರೆ ಅಲ್ಲೇ ಎತ್ತಿ ಬಿಸಾಡುತ್ತಿದ್ದಳು. ಇದು ನಾದಿನಿ ಕೈಯಾರೆ ಕಲಸಿದ್ದು, ಬಿಸಾಡಲು ಮನಸ್ಸು ಬರಲಿಲ್ಲ.

ರಕ್ತ ಬರುವ ದಿನ ಬಂತು. ಚಿಕಿತ್ಸಾಲಯದಿಂದ ಬೆಳಗ್ಗೆಯೇ ಬರಬೇಕಾದ ಕೊಳವೆ ಸಂಜೆ ಹತ್ತಿರವಾದಾಗ ಬಂತು. ಕೊಳವೆಯ ಮೇಲೆ ಹೆಸರಿರುವುದಿಲ್ಲ, ಬರೀ ಗುರುತಿನ ಸಂಖ್ಯೆ. ಆದರೆ ಅಂದು ಬಂದದ್ದು ಒಂದೇ ಕೊಳವೆ, ಮತ್ತು ಅಂದು ಬೆಳಗ್ಗೆ ನಾದಿನಿ ತೋಳಿಗೆ ಹತ್ತಿ ಒತ್ತಿಕೊಂಡು ಮನೆಗೆ ಬಂದದ್ದನ್ನು ಅತ್ತಿಗೆ ಕಣ್ಣಾರೆ ಕಂಡಿದ್ದಳು. ರಕ್ತ ಇಟ್ಟಷ್ಟೂ ಕೆಡುತ್ತದೆ. ಹೊತ್ತು ಮೀರುತ್ತಿತ್ತು. ಮೊದಲು ನಮ್ಮ ರಕ್ತ ಎಂಬ ಕಟ್ಟಳೆ ನೆನಪಾಗಲಿಲ್ಲವೆಂದಲ್ಲ. ಹೋದ ಕಂತಿನಲ್ಲಿ ಹಾಯಿಸಿದ ತನ್ನ ರಕ್ತದ ಲೆಕ್ಕ ಇದೆಯಲ್ಲ, ಅದನ್ನೇ ಪಕ್ಕಕ್ಕಿಟ್ಟುಕೊಂಡರಾಯಿತು ಎಂದುಕೊಂಡಳು. ನಿಜ ಹೇಳಬೇಕೆಂದರೆ ಅವಳಿಗೆ ತಡೆಯಲಾಗಲಿಲ್ಲ, ಅಷ್ಟೇ.

ಪರದೆಯ ಮೇಲೆ ನಾದಿನಿಯ ಕಣಗಳು ಬಂದವು. ಕಾಲುವೆಯ ಬಾಯಿಗೆ ಬಂದವು, ಮೈ ಮಡಚಿದವು, ಸರ್ರನೆ ದಾಟಿದವು. ಒಂದಲ್ಲ ಎರಡಲ್ಲ, ಸಾಲು ಸಾಲಾಗಿ. ಕಳೆದ ಸಲ ಇದೇ ಬಾಯಲ್ಲಿ ಗುಂಪು ಕಟ್ಟಿ ಜಗಳಕ್ಕೆ ನಿಂತಂತೆ ನಿಂತಿದ್ದ ಕಣಗಳು ಇವೇನಾ? ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಆರೋಗ್ಯವಂತರ ವೇಗ. ಅತ್ತಿಗೆ ಕುರ್ಚಿಯಿಂದ ಎದ್ದು, ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಇದ್ದಲ್ಲೇ ಒಂದು ಸುತ್ತು ಕುಣಿದಳು. ಆಮೇಲೆ ಕೂತು ಅತ್ತಳು.

ಫಲಿತಾಂಶವನ್ನು ಮನೆಗೆ ಒಯ್ಯುವಂತಿರಲಿಲ್ಲ. ಅದು ಮೊದಲು ಮೇಷ್ಟ್ರಿಗೆ, ಅವರಿಂದ ಡಾಕ್ಟರಮ್ಮನಿಗೆ ಹೋಗಬೇಕು. ಅತ್ತಿಗೆಗೆ ಇದೆಲ್ಲ ಬಾಯಿಪಾಠವಿತ್ತು. ಮನೆಯ ಬಾಗಿಲು ತೆರೆದ ನಾದಿನಿ, "ಏನು, ಮುಖ ಇಷ್ಟಗಲ?" ಎಂದು ಕೇಳಿದ ಕೂಡಲೇ ಬಾಯಿಪಾಠವೆಲ್ಲ ಹಾರಿಹೋಯಿತು.

"ದಾಟ್ತಿವೆ ಕಣೇ. ಎಲ್ಲಾ ದಾಟ್ತಿವೆ!"

ಒಳಗಿನಿಂದ ಗಂಡ ಓಡಿಬಂದು ತಂಗಿಯ ತಲೆ ಹಿಡಿದು ಅಲ್ಲಾಡಿಸಿದ. ನಾದಿನಿ "ಬಿಡೋ ಅಣ್ಣ, ಕುತ್ತಿಗೆ ಮುರೀತೀಯ" ಎಂದು ಬಿಡಿಸಿಕೊಂಡು, ಏನೂ ಆಗದವಳಂತೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಪೆಟ್ಟಿಗೆ ಎಳೆದಾಡುವ ಸದ್ದು ಕೇಳಿಸಿತು. ಈಜುಡುಗೆ ಹುಡುಕುತ್ತಿದ್ದಾಳೆಂದು ಅತ್ತಿಗೆಗೆ ಹೊಳೆಯಲಿಲ್ಲ.

ಮರುದಿನ ಬೆಳಗ್ಗೆ ಮೇಷ್ಟ್ರು ಚಿತ್ರಗಳನ್ನೆಲ್ಲ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ತುಂಬಾ ಚೆನ್ನಾಗಿದೆ. ಇದರ ಜೊತೆ ನಮ್ಮ ರಕ್ತ ಎಲ್ಲಮ್ಮಾ?"

"ನಿನ್ನೆ ಹೊತ್ತಾಗಿತ್ತು ಸರ್. ಈಗ ಮಾಡ್ಬಿಡ್ತೀನಿ."

ಅವರು ಸೂಜಿಯ ಡಬ್ಬಿಯನ್ನು ಅವಳ ಮುಂದೆ ಸರಿಸಿದರು. ಅದೇ ಅತ್ತಿಗೆಗೆ ಚುರುಕ್ಕೆಂದಿತು. ಅವಳು ಅದೇ ಕಂತಿನ ಹೊಸ ಚಿಪ್ ತೆಗೆದುಕೊಂಡು, ಬೆರಳು ಚುಚ್ಚಿಕೊಂಡು, ತನ್ನ ಹನಿ ಹಾಯಿಸಿದಳು.

ತನ್ನ ಕಣಗಳ ನಡಿಗೆ ಅವಳಿಗೆ ಗೊತ್ತಿತ್ತಲ್ಲ. ಇದು ಆ ನಡಿಗೆಯಲ್ಲ. ಕಣಗಳು ಓಡುತ್ತಿದ್ದವು. ಬಾಯಲ್ಲಿ ಕ್ಷಣವೂ ನಿಲ್ಲದೆ, ತೆರೆದ ಬಾಗಿಲಲ್ಲಿ ಹೋದಂತೆ ಹೋಗುತ್ತಿದ್ದವು. ಇದನ್ನು ನಂಬಿದರೆ, ಎರಡು ಮಹಡಿ ಹತ್ತಿದರೆ ಏದುಸಿರು ಬಿಡುವ ಅತ್ತಿಗೆಯ ರಕ್ತ ಭೂಮಿಯ ಮೇಲಿನ ಅತಿ ಮೆತ್ತನೆಯ ರಕ್ತ ಎಂದಾಗುತ್ತಿತ್ತು. ಇನ್ನೊಂದು ಚಿಪ್ ತೆಗೆದಳು. ಅದೇ ಕತೆ. ಹಳೆಯ ಕಂತಿನದೊಂದು ಪೆಟ್ಟಿಗೆಯ ಮೂಲೆಯಲ್ಲಿ ಉಳಿದಿತ್ತು, ಅದರಲ್ಲಿ ಹಾಯಿಸಿದಳು. ಕಣಗಳು ತಮ್ಮ ಎಂದಿನ ನಡಿಗೆಗೆ ಬಂದವು. ಆಗ ಹೊಸ ಚಿಪ್‌ನ ರಬ್ಬರನ್ನು ಉಗುರಿನಿಂದ ಒತ್ತಿ ನೋಡಿದಳು. ಉಗುರಿನ ಗುರುತು ಹಾಗೇ ಉಳಿಯಿತು.

ಮೇಷ್ಟ್ರು ಅವಳ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು.

"ಸರಿಯಾಗಿ ಕಲಸಿಲ್ಲ ಸರ್," ಎಂದಳು ಅತ್ತಿಗೆ. "ಮೇಲೆ ಮಾತ್ರ ನೊರೆ. ತಳ ಹಾಗೇ ಇತ್ತು. ರಬ್ಬರು ಗಟ್ಟಿಯಾಗಿಲ್ಲ. ಒತ್ತಡ ಕೊಟ್ಟಾಗ ಕಾಲುವೆ ಉಬ್ಬಿ ಅಗಲ ಆಗಿದೆ. ಬಾಗಿದ್ದು ಕಣ ಅಲ್ಲ ಸರ್, ಗೋಡೆ."

"ಹೋಗ್ಲಿ ಬಿಡು, ಈಗಲಾದ್ರೂ ಸಿಕ್ತಲ್ಲ. ಇನ್ನೂ ಯಾರಿಗೂ ಹೇಳಿಲ್ಲವಲ್ಲ."

ಅತ್ತಿಗೆ ತಲೆ ಎತ್ತಲಿಲ್ಲ. ಮೇಷ್ಟ್ರಿಗೆ ಅರ್ಥವಾಯಿತು. ಅವರು ಬೈಯಬಹುದಿತ್ತು, ಬೈಯುವ ಹಕ್ಕೂ ಇತ್ತು.

"ಮೊದಲು ಅಲ್ಲಿಗೆ ಹೋಗು," ಎಂದರು. "ಬೈಸ್ಕೊಳ್ಳೋದು ಆಮೇಲೆ ಇದ್ದೇ ಇದೆ."

ನಾದಿನಿ ಫೋನ್ ಎತ್ತಲಿಲ್ಲ. ಗಂಡ ಎತ್ತಿದ. "ಅವಳಾ? ಈಗಷ್ಟೇ ಚೀಲ ಹಾಕ್ಕೊಂಡು ಹೋದ್ಲು. ಏನು ಖುಷಿ ಅಂತೀಯ, ಸೀಟಿ ಮನೇಲೇ ಬಿಟ್ಟು ಹೋಗಿದ್ದಾಳೆ."

ಸೀಟಿ ಬಿಟ್ಟು ಹೋಗಿದ್ದಾಳೆ ಎಂದ ಕೂಡಲೇ ಅತ್ತಿಗೆ ಕೋಟು ಕಳಚಿ ಹೊರಗೋಡಿದಳು. ದಡದಲ್ಲಿ ನಿಲ್ಲುವವಳಿಗೆ ಸೀಟಿ ಬೇಕು, ನೀರಿಗಿಳಿಯುವವಳಿಗೆ ಬೇಡ. ಬಸ್ಸಿಗೆ ಕಾಯುವ ವ್ಯವಧಾನ ಇರಲಿಲ್ಲ, ಸಿಕ್ಕ ಆಟೋ ಹತ್ತಿದಳು. ದಾರಿಯುದ್ದಕ್ಕೂ ಮುಂದೆ ಬಾಗಿ ಕೂತಿದ್ದಳು, ತಾನು ಬಾಗಿದರೆ ಗಾಡಿ ಬೇಗ ಹೋಗುತ್ತದೆ ಎಂಬಂತೆ.

ಕೊಳದಲ್ಲಿ ಮಕ್ಕಳು ಇನ್ನೂ ಬಂದಿರಲಿಲ್ಲ. ಒಬ್ಬ ಕೆಲಸದವನು ದೂರದಲ್ಲಿ ನೆಲ ತೊಳೆಯುತ್ತಿದ್ದ. ನಾದಿನಿ ತಲೆಗೆ ಟೊಪ್ಪಿ ಹಾಕಿಕೊಂಡು ಆಳದ ಬದಿಯ ಅಂಚಿನಲ್ಲಿ ಕೂತು, ಕಾಲನ್ನು ಮೊಣಕಾಲಿನವರೆಗೆ ನೀರಿಗೆ ಬಿಟ್ಟಿದ್ದಳು. ತಣ್ಣೀರು. ಅವಳ ಮುಖದಲ್ಲಿ ಎಂತಹ ನಗುವಿತ್ತೆಂದರೆ, ಅತ್ತಿಗೆಗೆ ಒಂದು ಗಳಿಗೆ ಹಿಂದಿರುಗಿ ಹೋಗಿಬಿಡೋಣ ಅನ್ನಿಸಿತು.

"ಬಂದ್ರಾ ನೋಡೋಕೆ! ಇನ್ನೇನು ಧುಮುಕೋದರಲ್ಲಿದ್ದೆ."

"ಕಾಲು ತೆಗಿ."

"ಏನು?"

"ಕಾಲು ಮೇಲೆ ತೆಗಿ, ಹೇಳ್ತೀನಿ." ಅತ್ತಿಗೆ ಏದುಸಿರು ಬಿಡುತ್ತಲೇ ಒದ್ದೆ ನೆಲದ ಮೇಲೆ ಪಕ್ಕದಲ್ಲಿ ಕೂತು, ಅವಳ ಮೊಣಕಾಲು ಹಿಡಿದು ಮೇಲೆಳೆದಳು. ಹೇಳಿದಳು. ಸುತ್ತಿ ಬಳಸದೆ, ಇದ್ದದ್ದನ್ನು ಇದ್ದಂತೆ. ಕಟ್ಟಳೆ ಮುರಿದದ್ದು ತಾನು, ಮನೆಗೆ ಬಂದು ಬಾಯಿಬಿಟ್ಟದ್ದು ತಾನು. ಮಾತ್ರೆ ಹಿಡಿಸಿದೆಯೋ ಇಲ್ಲವೋ ಗೊತ್ತಿಲ್ಲ. ಏನೂ ಗೊತ್ತಿಲ್ಲ.

ನಾದಿನಿಯ ನಗು ಒಮ್ಮೆಗೇ ಹೋಗಲಿಲ್ಲ. ಅದು ಮುಖದ ಮೇಲೆ ಹಾಗೇ ಉಳಿದು, ಕಣ್ಣುಗಳು ಮಾತ್ರ ಬೇರೆಯಾದವು. ಆಮೇಲೆ ಶುರುವಾಯಿತು. ನಾದಿನಿಯ ಬಾಯಿ ಜೋರೆಂದು ಮೊದಲೇ ಹೇಳಿಯಾಗಿದೆಯಲ್ಲ. ಅತ್ತಿಗೆಯ ಓದು, ಕೆಲಸ, ಚಿಪ್, ಮೇಷ್ಟ್ರು, ಯಾವುದನ್ನೂ ಬಿಡಲಿಲ್ಲ. ನೆಲ ತೊಳೆಯುವವನು ಬಕೆಟ್ ಎತ್ತಿಕೊಂಡು ಮೆಲ್ಲಗೆ ಹೊರಗೆ ನಡೆದ.

"ಒಂದು ರಾತ್ರಿ!" ಎಂದಳು ಕೊನೆಗೆ. "ಒಂದೇ ಒಂದು ರಾತ್ರಿ ನಾನು ಎಲ್ಲರ ಹಾಗೆ ಮಲಗಿದ್ದೆ ಅತ್ತಿಗೆ. ಅದನ್ನೂ ಕಿತ್ಕೊಂಡ್ರಲ್ಲ."

ನೀರಿನ ಮೇಲೆ ಒಂದು ಎಲೆ ತೇಲುತ್ತಿತ್ತು, ಇಬ್ಬರೂ ಅದನ್ನು ನೋಡುತ್ತ ಕೂತರು. ಎಲೆ ದಡ ಮುಟ್ಟಿದಾಗ ಅತ್ತಿಗೆ ಕೇಳಿದಳು, ಗದರಿಸುವ ದನಿಯಲ್ಲಲ್ಲ:

"ಲೋಟ ನಿನ್ನ ಕೈಗೆ ಕೊಟ್ಟಿದ್ದೆ. ಯಾಕೆ ಅಷ್ಟು ಬೇಗ ನಿಲ್ಲಿಸ್ದೆ?"

ನಾದಿನಿ ಟೊಪ್ಪಿಯ ಅಂಚು ಕಿವಿಯ ಮೇಲೆ ಎಳೆದುಕೊಂಡಳು.

"ಸೋಮಾರಿ ನೀನಲ್ಲ. ಹಿಡಿದ ಕೆಲಸ ಬಿಡೋಳೂ ಅಲ್ಲ. ಯಾಕೆ?"

"ಬೇಜಾರಾಯ್ತು. ಬಿಟ್ಟೆ."

"ಕೈ ಜೇಬಿನಲ್ಲಿಟ್ಕೊಂಡಿದ್ದೆ."

ನಾದಿನಿ ಟೊಪ್ಪಿ ಕಿತ್ತು ಪಕ್ಕಕ್ಕೆಸೆದಳು. ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದು ಮಣಿಕಟ್ಟು ನೀವಿಕೊಂಡಳು. ಹಾಗೆ ಮಾಡುತ್ತಿದ್ದೇನೆಂದು ಅವಳಿಗೇ ಗೊತ್ತಿದ್ದಂತಿರಲಿಲ್ಲ.

"ನೋಯ್ತಿತ್ತು," ಎಂದಳು. "ಕಡ್ಡಿ ಹಿಡಿಯೋಕಾಗ್ಲಿಲ್ಲ. ಮೇಲೆ ಮೇಲೆ ನಾಲ್ಕು ಸಲ ಜೋರಾಗಿ ತಿರುಗಿಸಿ ಇಟ್ಟುಬಿಟ್ಟೆ."

"ಹೇಳಿದ್ರೆ ಆಗ್ತಿರ್ಲಿಲ್ವಾ?"

"ಹೇಳಿದ್ರೆ? ಮಾತ್ರೆ ಕೆಲ್ಸ ಮಾಡ್ತಿಲ್ಲ ಅಂತ ಡಾಕ್ಟರಿಗೆ ಹೋಗ್ತಿತ್ತು. ಬೇರೆಯವರ ರಕ್ತ ಏರ್ಸೋಕೆ ಮಲಗಿಸ್ತಿದ್ರು. ನೀರು ಅನ್ನೋ ಮಾತು ಅಲ್ಲಿಗೇ ಮುಗೀತಿತ್ತು." ಅವಳು ಮೂಗು ಒರೆಸಿಕೊಂಡಳು. "ವಾರಕ್ಕೊಂದು ಸಲ ಬರುತ್ತೆ. ಮೊದಲು ದಿನ ಬಿಟ್ಟು ದಿನ ಬರ್ತಿತ್ತು. ಕಮ್ಮಿ ಆಗಿದೆ ಅತ್ತಿಗೆ. ಆದ್ರೆ ಇದೆ."

ಅತ್ತಿಗೆಗೆ ಆಗ ಎಲ್ಲವೂ ಒಂದರ ಮೇಲೊಂದು ಕೂತಂತಾಯಿತು. ಹಾಳಾದ ಆ ಕಂತು ರಕ್ತಕಣದ ವಿಷಯದಲ್ಲಿ ಸುಳ್ಳು ಹೇಳಿತ್ತು, ನಿಜ. ಆದರೆ ಕಲಸಿದ ಕೈ ನೋಯುತ್ತಿತ್ತು ಎಂಬುದನ್ನು ಅದು ಬಚ್ಚಿಟ್ಟಿರಲಿಲ್ಲ. ಅದರ ಮೆತ್ತಗೆ ಅಂಟುವ ಅಂಚಿನಲ್ಲೇ ಅದು ಇತ್ತು. ಡಾಕ್ಟರಮ್ಮನಿಂದ, ಅಣ್ಣನಿಂದ, ತನ್ನಿಂದ ಇವಳು ಮುಚ್ಚಿಟ್ಟದ್ದು ತನ್ನ ಹೆಬ್ಬೆರಳಿಗೆ ತಾಗಿತ್ತು, ತಾನೇ ಕೈ ಒರೆಸಿಕೊಂಡು ಸುಮ್ಮನಾಗಿದ್ದಳು.

ಅವಳು ಎದ್ದು ಕೈ ಚಾಚಿದಳು. ನಾದಿನಿ ಆ ಕೈ ಹಿಡಿಯಲಿಲ್ಲ. ನೆಲಕ್ಕೆ ತನ್ನ ಕೈ ಊರಿ, ಮುಖ ಹಿಂಡಿಕೊಂಡು, ತಾನೇ ಎದ್ದು ಬಟ್ಟೆ ಬದಲಾಯಿಸಲು ಹೋದಳು.

ಮನೆಯಲ್ಲಿ ಮಾತು ನಿಂತಿತು. ನಡುವೆ ಸಿಕ್ಕಿಬಿದ್ದವನು ಗಂಡ. "ಅವಳಿಗೆ ಹೇಳು ಊಟಕ್ಕೆ ಬಾ ಅಂತ," "ಅವರಿಗೆ ಹೇಳು ನನಗೆ ಹಸಿವಿಲ್ಲ ಅಂತ." ಒಂದೇ ಮೇಜಿನ ಎರಡು ಬದಿಗೆ ಕೂತವರ ನಡುವೆ ಅವನು ಅಂಚೆಯವನ ಕೆಲಸ ಮಾಡಿದ. ಇತ್ತ ಮೇಷ್ಟ್ರು ಬಾಕಿಯಿದ್ದ ಬೈಗುಳ ತೀರಿಸಿದರು. ಡಾಕ್ಟರಮ್ಮನಿಗೂ ವಿಷಯ ತಿಳಿಸಿ, ಆ ಕಂತಿನ ಚಿಪ್‌ಗಳನ್ನೆಲ್ಲ ಕಸಕ್ಕೆ ಹಾಕಿಸಿ, ನಾದಿನಿ ಒಪ್ಪಿದರೆ ಇನ್ನೊಮ್ಮೆ ರಕ್ತ ತೆಗೆಯಬಹುದೆಂದು ಗೊತ್ತು ಮಾಡಿದರು. ಇನ್ನು ಮುಂದೆ ಆ ಕೊಳವೆ ಬಂದರೆ ಲೆಕ್ಕ ಮಾಡುವವರು ತಾವು, ಅತ್ತಿಗೆ ಚಿಪ್ ಮಾತ್ರ ಮಾಡಿ ಕೊಡಬೇಕು ಎಂದೂ ಹೇಳಿದರು. ಅತ್ತಿಗೆ ಮರುಮಾತಾಡದೆ ಒಪ್ಪಿದಳು. ಆದರೆ ಅದೆಲ್ಲ ನಾದಿನಿ ರಕ್ತ ಕೊಡಲು ಬಂದರೆ ತಾನೇ?

ಅವಳು ಬಂದಳು. ಅತ್ತಿಗೆ ಹೊಸ ಕಂತಿಗೆ ಎರಡೂ ದ್ರವ ಸುರಿದು ಕಡ್ಡಿ ಕೈಗೆತ್ತಿಕೊಳ್ಳುವಾಗ ಬಾಗಿಲಲ್ಲಿ ಬಿಳಿ ಕೋಟು ಹಾಕಿಕೊಂಡು ನಿಂತಿದ್ದಳು. ಮುಖ ಇನ್ನೂ ಗಂಟು.

"ಕೊಡಿ ಇಲ್ಲಿ. ನಾನೇ ಕೆಡಿಸಿದ್ದು, ನಾನೇ ಕಲಸ್ತೀನಿ."

ಅತ್ತಿಗೆ ಕೊಟ್ಟಳು. ಈ ಸಲ ಎಲ್ಲಿಗೂ ಹೋಗಲಿಲ್ಲ. ಮೇಷ್ಟ್ರು ಪಕ್ಕದ ಕೋಣೆಯಿಂದ ಕರೆದರು, ಹೋಗಲಿಲ್ಲ. ನಾದಿನಿ ತಳ ಕೆರೆದಳು, ಅಂಚು ಕೆರೆದಳು, ಹಲ್ಲು ಕಚ್ಚಿ ತಿರುಗಿಸಿದಳು. ದ್ರವ ನಿಧಾನವಾಗಿ ಬೆಳ್ಳಗಾಗತೊಡಗಿತು. ಅವಳ ಬೆರಳು ಸಡಿಲವಾದದ್ದು ಅತ್ತಿಗೆಗೆ ಕಂಡಿತು. ಕಿತ್ತುಕೊಳ್ಳಬೇಕೆಂದು ಕೈ ತುರಿಸಿದರೂ ಸುಮ್ಮನೆ ನಿಂತಳು. ಇದನ್ನು ಕಿತ್ತುಕೊಳ್ಳುವಂತಿರಲಿಲ್ಲ.

ಕಡ್ಡಿ ನಿಂತಿತು.

"ಅತ್ತಿಗೆ," ಎಂದಳು ನಾದಿನಿ. ಮುಂದಿನ ಮಾತು ಗಂಟಲಿನಲ್ಲಿ ಎಲ್ಲೋ ಅಡ್ಡ ನಿಂತಿತ್ತು. "ಕೈ ನೋಯ್ತಿದೆ. ನೀವು ಕಲಸಿ."

ಈ ಮನೆಗೆ ಬಂದಾಗಿನಿಂದ ಅವಳ ಬಾಯಲ್ಲಿ ಆ ಮಾತು ತಾನಾಗಿ ಬಂದದ್ದನ್ನು ಅತ್ತಿಗೆ ಕೇಳಿರಲಿಲ್ಲ. ಲೋಟ ತೆಗೆದುಕೊಂಡಳು. ಕಡ್ಡಿ ಇನ್ನೂ ನಾದಿನಿಯ ಕೈಶಾಖಕ್ಕೆ ಬೆಚ್ಚಗಿತ್ತು. ಸಾಕು ಅನ್ನಿಸಿದ ಮೇಲೂ ಇನ್ನೊಂದಿಷ್ಟು ಕಲಸಿದಳು. ನಾದಿನಿ ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತು, "ಎಡಕ್ಕೆ ತಿರುಗಿಸಿ, ಅಲ್ಲಿ ಉಳಿದಿದೆ, ಹಿಟ್ಟು ಕಲಸೋಕೂ ಬರಲ್ಲ ನಿಮಗೆ" ಎಂದು ಟೀಚರ್‌ಗಿರಿ ಮಾಡಿದಳು. ಮಾತು ಮತ್ತೆ ಶುರುವಾದದ್ದು ಹಾಗೆ.

ರಬ್ಬರು ಅಚ್ಚಿನಿಂದ ಈ ಸಲ ಕ್ಲೀನಾಗಿ ಬಿಟ್ಟುಕೊಂಡಿತು, ಹೆಬ್ಬೆರಳಿಗೆ ಏನೂ ಅಂಟಲಿಲ್ಲ. ಮೊದಲು ಅತ್ತಿಗೆಯ ರಕ್ತ ಹೋಯಿತು, ತನ್ನ ಹಳೆಯ ನಡಿಗೆಯಲ್ಲಿ. ಆಮೇಲೆ ಮೇಷ್ಟ್ರು ನಾದಿನಿಯ ರಕ್ತ ಹಾಯಿಸಿದರು. ಅತ್ತಿಗೆ ಹೊರಗಿನ ಬೆಂಚಿನ ಮೇಲೆ ಕೂತು ಉಗುರು ಕಚ್ಚಿದಳು. ಉಗುರು ಮುಗಿದಾಗ ಮೇಷ್ಟ್ರು ಬಾಗಿಲು ತೆರೆದರು.

"ಎಲ್ಲಾ ದಾಟ್ತಿಲ್ಲ," ಎಂದರು. ಅವರ ಮುಖ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. "ಆದರೆ ಮಾತ್ರೆಗೆ ಮುಂಚೆ ನಿಂತಿದ್ದವಲ್ಲ, ಅಂಥವು ಈಗ ಅರ್ಧಕ್ಕರ್ಧ ದಾಟ್ತಿವೆ. ಇದು ಗೋಡೆ ಅಲ್ಲಮ್ಮ. ಕಣನೇ."

ಅತ್ತಿಗೆ ಈ ಸಲ ಮನೆಗೆ ಹೋಗಿ ಒಂದಕ್ಷರ ಹೇಳಲಿಲ್ಲ. ಗಂಡ ಬಗೆಬಗೆಯಾಗಿ ಕೆದಕಿದ. ನಾದಿನಿ ಕೆದಕಲಿಲ್ಲ, ಮುಖವನ್ನೇ ನೋಡುತ್ತ ಕೂತಳು. ಅತ್ತಿಗೆ ಮುಖ ಮುಚ್ಚಿಕೊಳ್ಳಲು ಹೊದಿಕೆ ಮಡಚುವ ನೆಪ ಹುಡುಕಿದಳು. ಹೇಳಿದವರು ಡಾಕ್ಟರಮ್ಮ, ತಮ್ಮ ಕೋಣೆಯಲ್ಲಿ, ಎಲ್ಲ ಪರೀಕ್ಷೆಗಳನ್ನೂ ಮುಂದಿಟ್ಟುಕೊಂಡು. ಚಿಪ್‌ನ ಮಾತೊಂದನ್ನೇ ನಂಬಿ ಅವರು ಏನನ್ನೂ ನಿರ್ಧರಿಸುವವರಲ್ಲ. ಉಳಿದ ಪರೀಕ್ಷೆಗಳೂ ಅದೇ ದಿಕ್ಕಿಗೆ ಬೊಟ್ಟು ಮಾಡಿದ್ದವು. ಮಾತ್ರೆ ಹಿಡಿಸುತ್ತಿದೆ, ಸಾಲದು, ಪ್ರಮಾಣ ಹೆಚ್ಚಿಸೋಣ ಎಂದರು.

"ನೋವು ವಾರಕ್ಕೊಂದು ಸಲ ಬರುತ್ತೆ," ಎಂದಳು ನಾದಿನಿ, ಯಾರೂ ಕೇಳದೆ. "ಮೊದಲು ಹೇಳಿರ್ಲಿಲ್ಲ."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ಅವಳನ್ನು ನೋಡಿದ್ದು ಆಗಲೇ. "ನಿನಗೆ ನೀರು ಬೇಡ ಅಂದಿದ್ದು ನೀರಿಗೆ ಹೆದರಿ ಅಲ್ಲ ಕಣಮ್ಮ. ನೋವು ಬಂದ್ರೆ ನೀನು ಹೇಳಲ್ಲ ಅಂತ. ಈಗ ಹೇಳ್ತಿದ್ದೀಯಲ್ಲ. ಮಾತ್ರೆ ಇನ್ನಷ್ಟು ಹಿಡೀಲಿ, ಬೆಚ್ಚಗಿನ ನೀರಿನ ಕೊಳದಲ್ಲಿ ಸ್ವಲ್ಪ ಹೊತ್ತು ಶುರು ಮಾಡು. ಜೊತೆಗೆ ಒಬ್ಬರು ಇರ್ಬೇಕು."

ಬೇಸಿಗೆ ಕಳೆಯುವ ಹೊತ್ತಿಗೆ ಆ ದಿನ ಬಂತು. ಕೈಕಾಲು ಮುರಿದುಕೊಂಡವರು ವ್ಯಾಯಾಮ ಮಾಡುವ ಪುಟ್ಟ ಕೊಳ, ಸೊಂಟದವರೆಗಿನ ಬೆಚ್ಚಗಿನ ನೀರು. ಕಪ್ಪೆ ಟೀಚರ್ ನೀರಿಗೆ ಇಳಿಯುತ್ತಾರಂತೆ ಎಂದು ಹೇಗೋ ಸುದ್ದಿ ಹಬ್ಬಿ ಶಿಷ್ಯರ ದಂಡೇ ಬಂದು ಗಾಜಿನಾಚೆ ಮೂಗು ಒತ್ತಿಕೊಂಡು ನಿಂತಿತ್ತು. ಈಜು ಬಾರದ ಅತ್ತಿಗೆ ಸೀರೆ ಎತ್ತಿ ಕಟ್ಟಿಕೊಂಡು, ಕೊರಳಿಗೆ ನಾದಿನಿಯದೇ ಸೀಟಿ ಹಾಕಿಕೊಂಡು ಅಂಚಿನಲ್ಲಿ ಮಂಡಿಯೂರಿದ್ದಳು.

ನಾದಿನಿ ಮೆಲ್ಲಗೆ ಇಳಿದಳು. ಎದೆ ತುಂಬ ಉಸಿರೆಳೆದುಕೊಂಡು ಮೈ ಚೆಲ್ಲಿದಳು. ಕಾಲುಗಳು ಮಡಚಿಕೊಂಡವು, ಅಗಲವಾಗಿ ಒದ್ದವು, ಅವಳು ಸರ್ರನೆ ಆಚೆ ದಡಕ್ಕೆ ಹೋಗಿ ಮುಟ್ಟಿದಳು. ಗಾಜಿನಾಚೆ ಮಕ್ಕಳ ಗಲಾಟೆ ಮುಗಿಲು ಮುಟ್ಟಿತು. ಅವಳು ತಿರುಗಿ ಈ ದಡಕ್ಕೆ ಬಂದಳು. ಮತ್ತೆ ಹೋಗಲು ಗೋಡೆಗೆ ಕಾಲು ಕೊಟ್ಟಳು. ಅತ್ತಿಗೆಯ ಬಾಯಿ ಸೀಟಿಯ ಹತ್ತಿರ ಹೋಯಿತು, ಊದಲಿಲ್ಲ.

ನಾದಿನಿ ಕಾಲು ಕೆಳಗಿಟ್ಟಳು. ಮಕ್ಕಳು ನೋಡುತ್ತಿದ್ದರು. ಅವಳೂ ಅವರನ್ನು ನೋಡಿದಳು. ಆಮೇಲೆ ಗಾಜು ದಾಟಿ ಕೇಳಿಸುವಷ್ಟು ಜೋರಾಗಿ, ಅವರಿಗೆಲ್ಲ ಪಾಠ ಹೇಳುವ ಅದೇ ದನಿಯಲ್ಲಿ ಹೇಳಿದಳು:

"ಇವತ್ತಿಗೆ ಸಾಕು. ಟೀಚರ್‌ಗೆ ಕೈ ನೋಯ್ತಿದೆ!"

ಮತ್ತೆ ಅತ್ತಿಗೆಯ ಕಡೆ ತಿರುಗಿ ಬಲಗೈ ಮೇಲೆತ್ತಿದಳು. "ಹಿಡ್ಕೊಳ್ಳಿ ಅತ್ತಿಗೆ. ಗಟ್ಟಿಯಾಗಿ ಹಿಡೀರಿ, ನೀವು ಬಿದ್ರೆ ನಿಮ್ಮನ್ನ ಎತ್ತೋಕೆ ನನ್ನ ಕೈಲಾಗಲ್ಲ." ಅತ್ತಿಗೆ ಎರಡೂ ಕೈಯಿಂದ ಹಿಡಿದು ಮೇಲೆಳೆದಳು.